ಚೀಲದಿಂದ ನೆಲದ ಕಡೆಗೆ: ಕೃಷಿ ಸಹಾಯಧನ ಮತ್ತು ಪರಿಸರಸ್ನೇಹಿ ಬೆಳೆ



ಕರ್ನಾಟಕದ ಯಾವ ಹೋಬಳಿಯ ಗೊಬ್ಬರದಂಗಡಿಗೆ ಹೋದರೂ 45 ಕಿಲೋ ತೂಕದ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಕಿಲೋಗೆ 6 ರೂಪಾಯಿಯೂ ಬೀಳುವುದಿಲ್ಲ. ಅದರ ಪಕ್ಕದಲ್ಲೇ ಜೋಡಿಸಿಟ್ಟ 50 ಕಿಲೋ ಡಿಎಪಿ ಚೀಲಕ್ಕೆ 1,350 ರೂಪಾಯಿ, ಅಂದರೆ ಕಿಲೋಗೆ 27. ಪೊಟ್ಯಾಷ್ ಇನ್ನೂ ದುಬಾರಿ. ಕೊಂಡವರು ಪಿಒಎಸ್ ಯಂತ್ರದ ಮೇಲೆ ಹೆಬ್ಬೆರಳು ಒತ್ತುತ್ತಾರೆ, ರಸೀತಿ ಬರುತ್ತದೆ, ಚೀಲ ಗಾಡಿ ಏರುತ್ತದೆ. ಆ ಬೆರಳೊತ್ತಿನ ಲೆಕ್ಕ ಹಿಡಿದು ಉಳಿದ ವೆಚ್ಚವನ್ನು ಕೇಂದ್ರ ಸರ್ಕಾರ ಗೊಬ್ಬರದ ಕಂಪನಿಗೆ ಕಟ್ಟಿಕೊಡುತ್ತದೆ. ಜಾಗತಿಕ ಬೆಲೆಗಳು ವಿಪರೀತ ಏರಿದ್ದ 2022-23ರಲ್ಲಿ ಹೀಗೆ ಕಟ್ಟಿಕೊಟ್ಟ ಮೊತ್ತ ಸುಮಾರು 2.5 ಲಕ್ಷ ಕೋಟಿ ರೂಪಾಯಿ.

ಇಷ್ಟು ದೊಡ್ಡ ಹಣ ಪ್ರತಿ ವರ್ಷ ಹೊಲಗಳ ಮೇಲೆ ಬೀಳುತ್ತಿರುವಾಗ, ಅದು ಯಾವ ಬೇಸಾಯವನ್ನು ಬೆಳೆಸುತ್ತಿದೆ ಎಂದು ಕೇಳುವುದು ಸಾರ್ವಜನಿಕ ಕರ್ತವ್ಯ. ಸಹಾಯಧನ ಬೇಕೆ, ಬೇಡವೆ ಎಂಬ ಹಳೆಯ ಜಗಳವನ್ನು ಈ ಉಪನ್ಯಾಸ ಬದಿಗಿಡುತ್ತದೆ. ಎರಡು-ಮೂರು ಎಕರೆ ಹಿಡುವಳಿಯ, ಮಳೆಯನ್ನೇ ನಂಬಿದ ರೈತ ಕುಟುಂಬಕ್ಕೆ ಸಮಾಜದ ಆಸರೆ ಬೇಕೇ ಬೇಕು. ಇಲ್ಲಿ ಎತ್ತುವ ಪ್ರಶ್ನೆ ಬೇರೆ. ಆ ಆಸರೆಯನ್ನು ಯಾವುದಕ್ಕೆ ಕಟ್ಟಿದ್ದೇವೆ? ಗೊಬ್ಬರದ ಚೀಲಕ್ಕೆ ಕಟ್ಟಿದರೆ ಒಂದು ಬಗೆಯ ಬೇಸಾಯ ಬೆಳೆಯುತ್ತದೆ, ಪಂಪಿನ ಕರೆಂಟಿಗೆ ಕಟ್ಟಿದರೆ ಇನ್ನೊಂದು, ನೆಲಕ್ಕೂ ಬೆಳೆಗೂ ಕಟ್ಟಿದರೆ ಮತ್ತೊಂದು. ಮಣ್ಣು, ನೀರು, ಗಾಳಿ ಕೆಡದ ಹಾಗೆ ಬೆಳೆ ತೆಗೆಯುವವರಿಗೆ ಸರ್ಕಾರದ ಹಣ ತಲುಪುವ ದಾರಿ ಇದೆಯೇ ಎಂಬುದನ್ನು ನಮ್ಮ ನಾಡಿನ ಮತ್ತು ಹೊರಗಿನ ಅನುಭವಗಳ ಬೆಳಕಿನಲ್ಲಿ ನೋಡುವುದು ಈ ಹೊತ್ತಿನ ಉದ್ದೇಶ.

ಮೊದಲು ಯೂರಿಯಾದ ಕಥೆ. 1960ರ ದಶಕದಲ್ಲಿ ದೇಶ ಹಡಗಿನಲ್ಲಿ ಬಂದ ಗೋಧಿ ತಿಂದು ಬದುಕುತ್ತಿತ್ತು. ಗಿಡ್ಡ ತಳಿಗಳು ಬಂದವು, ಅವಕ್ಕೆ ಸಾರಜನಕ ಬೇಕಿತ್ತು, ರೈತನ ಕೈಯಲ್ಲಿ ಹಣವಿರಲಿಲ್ಲ. 1977ರಲ್ಲಿ ಜಾರಿಗೆ ಬಂದ ಧಾರಣ ಬೆಲೆ ಪದ್ಧತಿ ಈ ಬಿಕ್ಕಟ್ಟಿಗೆ ಕೊಟ್ಟ ಉತ್ತರ. ಕಾರ್ಖಾನೆಯ ತಯಾರಿಕಾ ವೆಚ್ಚ ಎಷ್ಟೇ ಇರಲಿ, ರೈತ ಕೊಡುವ ಬೆಲೆ ನಿಗದಿಯಾಗಿರುತ್ತದೆ, ನಡುವಿನ ಅಂತರವನ್ನು ಖಜಾನೆ ತುಂಬುತ್ತದೆ. ಹಸಿವಿನ ಅಂಚಿನಲ್ಲಿದ್ದ ದೇಶಕ್ಕೆ ಆಗ ಇದು ಸರಿಯಾದ ತೀರ್ಮಾನವೇ ಆಗಿತ್ತು. ಅದನ್ನು ಅಲ್ಲಗಳೆಯುವುದು ಅನ್ಯಾಯ.

ತಿರುವು ಬಂದದ್ದು 1992ರ ಆಗಸ್ಟ್‌ನಲ್ಲಿ. ಹಣಕಾಸಿನ ಒತ್ತಡದಲ್ಲಿ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ಬೆಲೆ ನಿಯಂತ್ರಣದಿಂದ ಬಿಡಿಸಿತು. ಯೂರಿಯಾವನ್ನು ಮಾತ್ರ ಹಿಡಿದಿಟ್ಟುಕೊಂಡಿತು. ಫಲ ಒಂದೇ ವರ್ಷದಲ್ಲಿ ಕಾಣಿಸಿತು. ದೇಶದ ಹೊಲಗಳಿಗೆ ಬೀಳುವ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಪ್ರಮಾಣ 1991-92ರಲ್ಲಿ 5.9:2.4:1 ಇದ್ದದ್ದು 1992-93ರಲ್ಲಿ 9.5:3.2:1 ಆಯಿತು. 2010ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗಲೂ ಯೂರಿಯಾ ಅದರ ಹೊರಗೇ ಉಳಿಯಿತು. 2012ರ ನವೆಂಬರ್‌ನಿಂದ ಅದರ ಮೂಲ ಬೆಲೆ ಟನ್ನಿಗೆ 5,360 ರೂಪಾಯಿಯಲ್ಲೇ ನಿಂತಿದೆ. ಕೂಲಿ, ಡೀಸೆಲ್, ಬಿತ್ತನೆ ಬೀಜ ಎಲ್ಲವೂ ಏರಿದ ಈ ಅವಧಿಯಲ್ಲಿ ಏರದೆ ಉಳಿದ ಒಳಸುರಿ ಯೂರಿಯಾ. ಅಗ್ಗವಾದದ್ದನ್ನು ರೈತ ಹೆಚ್ಚು ಬಳಸಿದ್ದರಲ್ಲಿ ಅವನ ತಪ್ಪೇನೂ ಇಲ್ಲ. ಬೆಲೆ ಹೇಳಿದ ಮಾತನ್ನು ಅವನು ಕೇಳಿದ್ದಾನೆ, ಅಷ್ಟೆ.

ಇದರ ಪರಿಣಾಮವನ್ನು ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಕಣ್ಣಾರೆ ಕಾಣಬಹುದು. ಮೇಲುಗೊಬ್ಬರವಾಗಿ ಯೂರಿಯಾ ಎರಚಿದ ಕೆಲವೇ ದಿನಗಳಲ್ಲಿ ಭತ್ತ ಕಡುಹಸಿರಾಗುತ್ತದೆ. ನೋಡುವ ಕಣ್ಣಿಗೆ ಅದು ಸಮೃದ್ಧಿ. ಆದರೆ ಸಾರಜನಕ ಹೆಚ್ಚಾದ ಎಲೆ ಮೆದುವಾಗಿ ರಸ ತುಂಬಿಕೊಳ್ಳುತ್ತದೆ, ಕಂದು ಜಿಗಿಹುಳು ಅಲ್ಲಿಗೇ ಬರುತ್ತದೆ, ಬೆಂಕಿ ರೋಗ ಅಲ್ಲೇ ಹತ್ತುತ್ತದೆ. ಕಾಂಡ ಉದ್ದವಾಗಿ, ಗಾಳಿ-ಮಳೆಗೆ ತೆನೆ ಸಮೇತ ಮಲಗುತ್ತದೆ. ಹುಳಕ್ಕೆಂದು ಔಷಧಿ ಸಿಂಪಡಣೆ ಮೊದಲಾಗುತ್ತದೆ. ಆರು ರೂಪಾಯಿಯ ಕಿಲೋ ಯೂರಿಯಾ ಹೀಗೆ ಸಾವಿರಾರು ರೂಪಾಯಿಯ ಕೀಟನಾಶಕದ ಬಿಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಹಾಕಿದ ಸಾರಜನಕದಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಬೆಳೆಗೆ ದಕ್ಕುತ್ತದೆ ಎಂಬುದು ಕೃಷಿ ವಿಜ್ಞಾನಿಗಳ ಸಾಮಾನ್ಯ ಅಂದಾಜು. ಉಳಿದದ್ದರಲ್ಲಿ ಒಂದಿಷ್ಟು ಅಮೋನಿಯವಾಗಿ ಗಾಳಿಗೆ, ಒಂದಿಷ್ಟು ನೈಟ್ರೇಟ್ ಆಗಿ ಬಾವಿ ನೀರಿಗೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಆಕಾಶಕ್ಕೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ನೈಟ್ರಸ್ ಆಕ್ಸೈಡ್ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು.

2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಯಿತು. ಸಾರಜನಕ ನಿಧಾನವಾಗಿ ಬಿಡುಗಡೆಯಾಗಲಿ, ಕೃಷಿಯೇತರ ಕಾರ್ಖಾನೆಗಳಿಗೆ ಸೋರಿಹೋಗುವುದು ನಿಲ್ಲಲಿ ಎಂಬ ಉದ್ದೇಶ ಒಳ್ಳೆಯದೇ. ಅದೇ ವರ್ಷ ಮಣ್ಣು ಆರೋಗ್ಯ ಚೀಟಿಯೂ ಬಂತು. ಚೀಟಿ ಹೇಳುವುದು ಒಂದು, ಅಂಗಡಿಯ ಬೆಲೆಪಟ್ಟಿ ಹೇಳುವುದು ಇನ್ನೊಂದು. ಎರಡೂ ಎದುರುಬದುರಾದಾಗ ಬೆಲೆಪಟ್ಟಿಯೇ ಗೆಲ್ಲುತ್ತದೆ. 2023ರ ಪಿಎಂ ಪ್ರಣಾಮ್ ಯೋಜನೆಯ ಸಮಸ್ಯೆಯೂ ಇದೇ ಜಾಡಿನದು. ರಾಸಾಯನಿಕ ಗೊಬ್ಬರದ ಬಳಕೆ ತಗ್ಗಿಸಿದ ರಾಜ್ಯಕ್ಕೆ ಉಳಿತಾಯದ ಅರ್ಧದಷ್ಟು ಅನುದಾನ ಸಿಗುತ್ತದೆ. ಆದರೆ ಉತ್ತೇಜನ ವಿಧಾನಸೌಧಕ್ಕೆ ತಲುಪಿದರೆ ಸಾಲದು. ಹೊಲದಲ್ಲಿ ನಿಂತ ರೈತನ ಮಟ್ಟಿಗೆ ಚೀಲದ ಬೆಲೆ ಮೊದಲಿದ್ದಷ್ಟೇ ಇದೆ.

ಹಾಗಾದರೆ ಯೂರಿಯಾದ ಸಹಾಯಧನವನ್ನು ಒಮ್ಮೆಗೇ ಕಡಿದುಹಾಕಬಹುದೇ? ನೆರೆಯ ಶ್ರೀಲಂಕಾ ಇದಕ್ಕೆ ಉತ್ತರ ಕೊಟ್ಟಿದೆ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿ, ಇಡೀ ದೇಶ ಸಾವಯವಕ್ಕೆ ಹೊರಳುವುದೆಂದು ಸಾರಿತು. ದಶಕಗಳ ಕಾಲ ಅಗ್ಗದ ಗೊಬ್ಬರದ ಮೇಲೆ ನಿಂತಿದ್ದ ಗದ್ದೆಗಳಿಗೆ ಬೇಕಾದಷ್ಟು ಕೊಟ್ಟಿಗೆ ಗೊಬ್ಬರವಾಗಲಿ, ಹಸಿರೆಲೆ ಗೊಬ್ಬರವಾಗಲಿ ಎಲ್ಲಿಯೂ ಸಿದ್ಧವಿರಲಿಲ್ಲ. ಭತ್ತ ಕುಸಿಯಿತು, ಚಹಾ ಕುಸಿಯಿತು, ನವೆಂಬರ್ ಹೊತ್ತಿಗೆ ನಿಷೇಧ ಹಿಂದಕ್ಕೆ ಹೋಯಿತು. ಸಾವಯವ ಕೃಷಿಯ ವಿರೋಧಿಗಳು ಈ ಘಟನೆಯನ್ನು ಆಯುಧ ಮಾಡಿಕೊಂಡಿದ್ದಾರೆ. ಅದು ಸರಿಯಲ್ಲ. ಅಲ್ಲಿ ಸೋತದ್ದು ಸಾವಯವವಲ್ಲ, ಅವಸರ. ಸಿಕ್ಕಿಂ ಇಡೀ ರಾಜ್ಯವನ್ನು ಸಾವಯವ ಎಂದು ಘೋಷಿಸಿಕೊಂಡದ್ದು 2016ರಲ್ಲಿ, ಒಂದು ದಶಕಕ್ಕೂ ಮಿಕ್ಕಿದ ತಯಾರಿಯ ನಂತರ. ಅಲ್ಲಿ ಮೊದಲಿಂದಲೂ ರಾಸಾಯನಿಕ ಬಳಕೆ ತೀರ ಕಡಿಮೆಯಿತ್ತೆಂಬುದನ್ನೂ ಮರೆಯುವಂತಿಲ್ಲ.

ಸಭಿಕರೇ, 1992ರ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ಓದಬಹುದು, ಓದಲೇಬೇಕು. ಒಂದೇ ವರ್ಷದಲ್ಲಿ ಇಡೀ ದೇಶದ ಗೊಬ್ಬರದ ಅಭ್ಯಾಸವನ್ನು ಬದಲಿಸುವ ಶಕ್ತಿ ಬೆಲೆಗಿದೆ ಎಂದು ಆ ಅಂಕಿಗಳು ಸಾಬೀತು ಮಾಡಿದವು. ಕೆಟ್ಟದ್ದರ ಕಡೆಗೆ ಎಳೆದ ಆ ಶಕ್ತಿ ಒಳ್ಳೆಯದರ ಕಡೆಗೂ ಎಳೆಯಬಲ್ಲದು. ಈ ಉಪನ್ಯಾಸದ ಭರವಸೆ ನಿಂತಿರುವುದು ಅದರ ಮೇಲೆ.

ನೀರು ಮತ್ತು ಕರೆಂಟಿನ ವಿಷಯದಲ್ಲಿ ಕಥೆ ಬೇರೆಯಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಬರಗಾಲದ ಜಿಲ್ಲೆಗಳ ಎಷ್ಟೋ ಕುಟುಂಬಗಳನ್ನು ಅದು ಉಳಿಸಿದೆ. ಆದರೆ ಕರೆಂಟು ಬಂದಾಗಲೆಲ್ಲ ಪಂಪು ತಾನಾಗಿ ಓಡಲಿ ಎಂದು ಆಟೊ ಸ್ಟಾರ್ಟರ್ ಕೂರಿಸಿದ ಕೊಳವೆಬಾವಿಯಲ್ಲಿ ನೀರನ್ನು ಉಳಿಸಿದವನಿಗೆ ಏನೂ ಸಿಗುವುದಿಲ್ಲ, ಉಳಿಸಿದ ನೀರನ್ನು ಪಕ್ಕದ ಹೊಲದ ಬಾವಿ ಎತ್ತಿಕೊಳ್ಳುತ್ತದೆ. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬಾವಿಗಳು ಈ ವ್ಯವಸ್ಥೆಯ ಕೂಸುಗಳು. ಹನಿ ನೀರಾವರಿಗೆ ನಮ್ಮಲ್ಲಿ ಸಣ್ಣ ಹಿಡುವಳಿದಾರರಿಗೆ ಶೇ. 90ರಷ್ಟು ಸಹಾಯಧನವಿದೆ. ಗಿಡವೊಂದಕ್ಕೆ ಬೇಕಾದ ನೀರು ಅದರಿಂದ ತಗ್ಗುವುದು ನಿಜ. ಆದರೆ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಟೊಮೆಟೊ ಏಳುತ್ತದೆ, ಭೂಮಿಯೊಳಗಿಂದ ಎತ್ತುವ ಒಟ್ಟು ನೀರು ತಗ್ಗುವುದಿಲ್ಲ. ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡದ್ದೂ ಇದನ್ನೇ. ಉಪಕರಣಕ್ಕೆ ಕೊಟ್ಟ ಹಣ ಉಪಕರಣವನ್ನು ತರುತ್ತದೆ. ನೀರು ಉಳಿಯಬೇಕಾದರೆ ಹಣವನ್ನು ನೀರಿಗೇ ಕಟ್ಟಬೇಕು.

ಅಂಥ ಪ್ರಯೋಗಗಳು ನಡೆದಿವೆ. ಪಂಜಾಬ್ 2018ರಲ್ಲಿ ‘ಪಾನಿ ಬಚಾವೊ ಪೈಸಾ ಕಮಾವೊ’ ಎಂಬ ಯೋಜನೆ ತಂದು, ನಿಗದಿಪಡಿಸಿದ ಮಿತಿಗಿಂತ ಕಡಿಮೆ ಕರೆಂಟು ಬಳಸಿದ ರೈತನಿಗೆ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಕೊಡತೊಡಗಿತು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ 2016ರಲ್ಲಿ ಸೌರ ಪಂಪುಗಳ ರೈತರು ಸಹಕಾರ ಸಂಘ ಕಟ್ಟಿಕೊಂಡು, ಮಿಕ್ಕ ವಿದ್ಯುತ್ತನ್ನು ವಿತರಣಾ ಕಂಪನಿಗೆ 25 ವರ್ಷ ಮಾರುವ ಒಪ್ಪಂದ ಮಾಡಿಕೊಂಡರು. ಬಿಸಿಲನ್ನೂ ಒಂದು ಬೆಳೆಯಂತೆ ಮಾರಬಹುದು ಎಂದಾದಾಗ ಸುಮ್ಮನೆ ಪಂಪು ಓಡಿಸುವುದು ನಷ್ಟದ ಬಾಬ್ತಾಯಿತು. ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದಲ್ಲಿ ‘ಸೂರ್ಯ ರೈತ’ ಯೋಜನೆಯ ಮೂಲಕ ಇದೇ ವಿಚಾರ ಅದಕ್ಕೂ ಮುಂಚೆಯೇ ಮೊಳೆತಿತ್ತು. ಅದು ರಾಜ್ಯದ ಉದ್ದಗಲ ಹಬ್ಬದೆ ಹೋದದ್ದು ದುಃಖದ ಸಂಗತಿ.

ನೀತಿಯೊಂದು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವುದಕ್ಕೂ ಪಂಜಾಬೇ ಉದಾಹರಣೆ. ಅಂತರ್ಜಲ ಉಳಿಸಲು 2009ರ ಕಾಯ್ದೆ ಭತ್ತದ ನಾಟಿಯನ್ನು ಜೂನ್‌ಗೆ ಮುಂದೂಡಿತು. ಸುಡುಬಿಸಿಲಿನ ಮೇ ತಿಂಗಳ ನೀರು ಉಳಿಯಿತು. ಆದರೆ ಕೊಯ್ಲೂ ಅಕ್ಟೋಬರ್ ಕೊನೆಗೆ ಹೋಯಿತು. ಗೋಧಿ ಬಿತ್ತನೆಗೆ ನಡುವೆ ಉಳಿದದ್ದು ಎರಡು-ಮೂರು ವಾರ. ಕೂಳೆ ತೆಗೆಯಲು ಪುರಸೊತ್ತಿಲ್ಲದೆ ಬೆಂಕಿ ಹಚ್ಚುವುದು ಹೆಚ್ಚಿತು, ಗಾಳಿ ಕಟ್ಟಿಕೊಳ್ಳುವ ನವೆಂಬರ್‌ನಲ್ಲಿ ಆ ಹೊಗೆ ದೆಹಲಿಯ ಮೇಲೆ ಕವಿಯಿತು. 2018ರಿಂದ ಕೂಳೆಯ ನಡುವೆಯೇ ಬಿತ್ತುವ ಯಂತ್ರಗಳಿಗೆ ಶೇ. 50ರಿಂದ 80ರವರೆಗೆ ಸಹಾಯಧನ ಬಂತು. ಇಷ್ಟೆಲ್ಲದರ ಬುಡದಲ್ಲಿ ಕೂತಿರುವ ಕಾರಣವನ್ನು ಮಾತ್ರ ಯಾರೂ ಮುಟ್ಟಲಿಲ್ಲ: ಸರ್ಕಾರ ತಪ್ಪದೆ ಕೊಳ್ಳುವುದು ಭತ್ತ ಮತ್ತು ಗೋಧಿಯನ್ನು. ಹರಿಯಾಣ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆಗೆ ಹೋಗುವವರಿಗೆ ಎಕರೆಗೆ 7,000 ರೂಪಾಯಿ ಘೋಷಿಸಿತು. ಬಿಟ್ಟ ಬೆಳೆಯನ್ನು ಕೊಳ್ಳುವವರಿದ್ದಾರೆ, ಹಿಡಿದ ಬೆಳೆಯನ್ನು ಕೊಳ್ಳುವವರಿಲ್ಲ ಎಂದಾದರೆ ಏಳು ಸಾವಿರ ಎಷ್ಟು ದಿನ ಹಿಡಿದಿಟ್ಟೀತು? ಖರೀದಿಯ ಭರವಸೆಯೇ ಎಲ್ಲಕ್ಕಿಂತ ದೊಡ್ಡ ಸಹಾಯಧನ.

ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಭತ್ತದ ಸೆಳೆತವೇ ಗೆದ್ದಿತು. ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆಗಳಿಗೆಂದು ಯೋಜಿಸಿದ ನೀರು ಕಾಲುವೆಯ ಮೇಲ್ಭಾಗದ ಭತ್ತಕ್ಕೆ ನಿಂತಿತು. ಮೇಲೆ ನೀರು ನಿಂತು ನೆಲ ಸವುಳಾಯಿತು, ಕೆಳಗೆ ಮಾನ್ವಿ, ರಾಯಚೂರಿನ ಕೊನೆಯ ಭಾಗದ ರೈತರು ಪ್ರತಿ ವರ್ಷ ನೀರಿಗಾಗಿ ಬೀದಿಗಿಳಿಯುತ್ತಾರೆ.

ಇನ್ನು ಯುರೋಪಿನ ಕಡೆಗೆ ಒಂದು ನೋಟ. ನಮ್ಮ ಆಡಳಿತಗಾರರು ಆಗಾಗ ಅಲ್ಲಿಯ ಮಾದರಿಯನ್ನು ಹೊಗಳುವುದರಿಂದ ಅಲ್ಲಿಯ ಸೋಲನ್ನೂ ಅರಿತಿರುವುದು ಒಳ್ಳೆಯದು. 1962ರಲ್ಲಿ ಆರಂಭವಾದ ಯುರೋಪಿನ ಸಾಮಾನ್ಯ ಕೃಷಿ ನೀತಿ ಬೆಲೆಯ ಆಸರೆಯಿಂದಲೇ ನಡೆಯಿತು. ಬೆಣ್ಣೆ ಗೋದಾಮುಗಳಲ್ಲಿ ರಾಶಿ ಬಿತ್ತು, ಕೊಳ್ಳುವವರಿಲ್ಲದ ವೈನ್ ಉಳಿಯಿತು. 1992ರ ಸುಧಾರಣೆ ಹಣವನ್ನು ಉತ್ಪನ್ನದ ಬೆಲೆಯಿಂದ ಬಿಡಿಸಿ ಭೂಮಿಯ ಕಡೆಗೆ ತಿರುಗಿಸಿತು, 2003ರ ಸುಧಾರಣೆ ಪರಿಸರದ ಕನಿಷ್ಠ ನಿಯಮ ಪಾಲಿಸಿದರೆ ಮಾತ್ರ ಪೂರ್ತಿ ಹಣ ಎಂದಿತು. 2013ರಲ್ಲಿ ಇನ್ನೂ ಮುಂದೆ ಹೋಗಿ ನೇರ ಪಾವತಿಯ ಶೇ. 30 ಭಾಗವನ್ನು ‘ಹಸಿರು’ ಷರತ್ತುಗಳಿಗೆ ಕಟ್ಟಿತು. ಕೇಳಲು ಇದು ಕ್ರಾಂತಿ. ಆದರೆ 2017ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು, ಈ ಷರತ್ತುಗಳಿಂದ ಬೇಸಾಯದ ಕ್ರಮ ನಿಜವಾಗಿ ಬದಲಾದದ್ದು ಸುಮಾರು ಶೇ. 5ರಷ್ಟು ಕೃಷಿಭೂಮಿಯಲ್ಲಿ ಮಾತ್ರ ಎಂದು ವರದಿ ಮಾಡಿದರು. ಬಹುಪಾಲು ರೈತರು ಆಗಲೇ ಮಾಡುತ್ತಿದ್ದುದನ್ನೇ ಮುಂದುವರಿಸಿ ಹಣ ಪಡೆದಿದ್ದರು. ಷರತ್ತು ಸಡಿಲವಾದರೆ ಹೀಗೆ. ಬಿಗಿಯಾದರೆ? 2024ರ ಆರಂಭದಲ್ಲಿ ಟ್ರಾಕ್ಟರುಗಳು ಬ್ರಸೆಲ್ಸ್ ಬೀದಿಗಳಿಗೆ ನುಗ್ಗಿದವು. ಕಾಗದಪತ್ರದ ಹೊರೆ, ತಪಾಸಣೆಯ ಭಯ, ಕುಸಿದ ಆದಾಯ ಎಲ್ಲವೂ ಸೇರಿದ ಆ ಸಿಟ್ಟಿಗೆ ಮಣಿದು ಕೆಲವು ನಿಯಮಗಳನ್ನು ಕೈಬಿಡಬೇಕಾಯಿತು.

ಇದೇ ಯುರೋಪಿನಲ್ಲಿ ಸದ್ದಿಲ್ಲದೆ ಗೆದ್ದ ಯೋಜನೆಯೊಂದಿದೆ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2000ದಲ್ಲಿ ಹುಲ್ಲುಗಾವಲಿನ ರೈತರಿಗೆ 28 ಬಗೆಯ ಹೂಗಿಡಗಳ ಪಟ್ಟಿಯೊಂದನ್ನು ಕೊಟ್ಟಿತು. ಅವುಗಳಲ್ಲಿ ನಾಲ್ಕು ಬಗೆ ತನ್ನ ಹುಲ್ಲುಗಾವಲಿನಲ್ಲಿ ಇವೆಯೆಂದು ರೈತನೇ ನಡೆದು ನೋಡಿ ಬರೆದುಕೊಟ್ಟರೆ ಆ ಭೂಮಿಗೆ ಹಣ. ಗೊಬ್ಬರ ಎಷ್ಟು ಹಾಕಬೇಕು, ಹುಲ್ಲು ಎಂದು ಕೊಯ್ಯಬೇಕು ಎಂದು ಅಧಿಕಾರಿ ಹೇಳುವುದಿಲ್ಲ. ಗೊಬ್ಬರ ಹೆಚ್ಚಾದರೆ ಹೂವು ಕಾಣೆಯಾಗುವುದು ರೈತನಿಗೇ ಗೊತ್ತಾಗುತ್ತದೆ. ಹೇಗೆ ಮಾಡಬೇಕೆಂಬುದನ್ನು ರೈತನ ಜಾಣ್ಮೆಗೆ ಬಿಟ್ಟು, ಏನಾಗಬೇಕೆಂಬುದನ್ನು ಮಾತ್ರ ಸಮಾಜ ಕೇಳಿದ ಕ್ರಮವಿದು. ಹಣಕ್ಕಿಂತ ಮಿಗಿಲಾಗಿ, ರೈತನ ಕಣ್ಣನ್ನು ಮತ್ತೆ ತನ್ನ ನೆಲದ ಕಡೆಗೆ ತಿರುಗಿಸಿದ ಶ್ರೇಯ ಇದಕ್ಕೆ ಸಲ್ಲಬೇಕು. ಸ್ವಿಟ್ಜರ್ಲೆಂಡಿನಲ್ಲಿ 1996ರ ಜನಮತಗಣನೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮತದಾರರು ಕೃಷಿಯ ಹಣವನ್ನು ಪರಿಸರದ ಹೊಣೆಗೆ ಕಟ್ಟುವ ಸಂವಿಧಾನ ತಿದ್ದುಪಡಿಯನ್ನು ಒಪ್ಪಿದರು. ತೆರಿಗೆ ಕಟ್ಟುವವರ ಒಪ್ಪಿಗೆ ಹೀಗೆ ನೇರವಾಗಿ ಸಿಕ್ಕಿದ್ದರಿಂದ ಅಲ್ಲಿಯ ವ್ಯವಸ್ಥೆಗೆ ಬೇರು ಆಳವಾಗಿದೆ.

ಯುರೋಪಿನ ಹುಲ್ಲುಗಾವಲಿನಿಂದ ಈಗ ನಮ್ಮ ರಾಗಿ ಹೊಲಕ್ಕೆ ಬರೋಣ. ಈ ಉಪನ್ಯಾಸ ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿಯೇ.

ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕ. ತುಮಕೂರು, ಹಾಸನ, ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ ಮುಂಗಾರಿನ ಮಳೆಯೊಂದನ್ನೇ ನಂಬಿ ಏಳುವ ಈ ಬೆಳೆಗೆ ಕಾಲುವೆ ಬೇಡ, ಕೊಳವೆಬಾವಿ ಬೇಡ, ಗೊಬ್ಬರವೂ ಭತ್ತ-ಕಬ್ಬುಗಳಿಗಿಂತ ಎಷ್ಟೋ ಕಡಿಮೆ. ಔಷಧಿ ಸಿಂಪಡಣೆ ಅಪರೂಪ. ಕಾಳು ಮನೆಗೆ, ಹುಲ್ಲು ದನಕ್ಕೆ, ದನದ ಗೊಬ್ಬರ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಬಯಲುಸೀಮೆಯ ಹೈನುಗಾರಿಕೆ ನಿಂತಿರುವುದು ಬಹುಮಟ್ಟಿಗೆ ರಾಗಿ ಹುಲ್ಲಿನ ಮೆದೆಗಳ ಮೇಲೆ. ಹಳೆಯ ಕ್ರಮದಲ್ಲಿ ಎಂಟು-ಹತ್ತು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ತೊಗರಿ, ಅಲ್ಲಲ್ಲಿ ಹುಚ್ಚೆಳ್ಳು, ಜೋಳ, ಬದುವಿನಲ್ಲಿ ಹರಳು. ಅಕ್ಕಡಿ ಸಾಲೆಂದು ಕರೆಯುವ ಈ ಪದ್ಧತಿಯಲ್ಲಿ ಅವರೆ, ತೊಗರಿ ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುತ್ತವೆ, ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ, ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಪರಿಸರಸ್ನೇಹಿ ಬೇಸಾಯ ಎಂದು ಜಗತ್ತು ಇಂದು ಹುಡುಕುತ್ತಿರುವುದರ ಬಹುಪಾಲು ಲಕ್ಷಣಗಳು ಈ ಹೊಲದಲ್ಲಿವೆ.

ಆದರೂ ರಾಗಿ ಹೊಲ ದಶಕಗಳ ಕಾಲ ಕುಗ್ಗುತ್ತಲೇ ಬಂತು. ಗೊಬ್ಬರದ ಸಹಾಯಧನ ಹೆಚ್ಚು ಗೊಬ್ಬರ ತಿನ್ನುವ ಬೆಳೆಗೆ ಹೋಯಿತು, ಕರೆಂಟಿನದು ನೀರು ಕುಡಿಯುವ ಬೆಳೆಗೆ ಹೋಯಿತು, ಖರೀದಿ ಅಕ್ಕಿಗೆ ಹೋಯಿತು. ಪರಿಸರದಿಂದ ಕಡಿಮೆ ಕೇಳಿದ ಬೆಳೆಗೆ ಸರ್ಕಾರದಿಂದಲೂ ಕಡಿಮೆಯೇ ಸಿಕ್ಕಿತು. ಒಂದು ಕಡೆ ಮಾತ್ರ ಸಾರ್ವಜನಿಕ ಹಣ ರಾಗಿಯ ಪರವಾಗಿ ನಿಂತಿತ್ತು, ಅದು ಸಂಶೋಧನೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜಿಪಿಯು-28 ಬೆಂಕಿ ರೋಗವನ್ನು ತಡೆದು ನಿಂತಿತು. ವಿಜ್ಞಾನಿಯ ಸಂಬಳ, ಪ್ರಯೋಗದ ತಾಕಿನ ಖರ್ಚು ಬಜೆಟ್‌ನಲ್ಲಿ ಯಾರ ಕಣ್ಣಿಗೂ ಬೀಳದ ಸಹಾಯಧನ. ಅದರ ಫಲವನ್ನು ರಾಗಿ ರೈತರು ಅರ್ಧ ಶತಮಾನದಿಂದ ಉಣ್ಣುತ್ತಿದ್ದಾರೆ.

ಬೆಲೆಯ ತಿರುವು ಬಂದದ್ದು ತಡವಾಗಿ. 2017-18ರಲ್ಲಿ ಕ್ವಿಂಟಲ್ ರಾಗಿಯ ಬೆಂಬಲ ಬೆಲೆ 1,900 ರೂಪಾಯಿ. ಮರುವರ್ಷ ಅದು ಒಮ್ಮೆಗೇ 2,897 ಆಯಿತು. 2025-26ರ ಮುಂಗಾರಿಗೆ 4,886. ಅದೇ ಹಂಗಾಮಿನ ಸಾಮಾನ್ಯ ಭತ್ತಕ್ಕೆ 2,369. ಬೆಲೆಯ ಜೊತೆಗೆ ಖರೀದಿ ಕೇಂದ್ರಗಳು ತೆರೆದವು, ಕೊಂಡ ರಾಗಿ ಹಳೆ ಮೈಸೂರು ಭಾಗದ ನ್ಯಾಯಬೆಲೆ ಅಂಗಡಿಗಳಿಗೂ, ಜೋಳ ಉತ್ತರದ ಜಿಲ್ಲೆಗಳಿಗೂ ಹೋಗತೊಡಗಿತು. ಬೆಳೆದವರ ಊರಿನಲ್ಲೇ ತಿನ್ನುವವರಿಗೆ ತಲುಪುವ ಈ ಸರಪಳಿ ಪರಿಸರ ನೀತಿಯ ಹೆಸರಿನಲ್ಲಿ ಬಂದದ್ದಲ್ಲ, ಪಡಿತರ ನೀತಿಯಾಗಿ ಬಂತು. ಆದರೂ ಒಣಭೂಮಿಯ ಪರಿಸರಕ್ಕೆ ಅದು ಮಾಡಿದ ಉಪಕಾರ ಎಷ್ಟೋ ಹಸಿರು ಯೋಜನೆಗಳಿಗಿಂತ ದೊಡ್ಡದು. ಒಡಿಶಾ 2017ರಲ್ಲಿ ಆರಂಭಿಸಿದ ಸಿರಿಧಾನ್ಯ ಮಿಷನ್ ಇದೇ ಎಳೆಯನ್ನು ಇನ್ನಷ್ಟು ಜಾಣತನದಿಂದ ಹೆಣೆಯಿತು. ಬುಡಕಟ್ಟು ಪ್ರದೇಶದ ರೈತರಿಗೆ ಮೊದಲ ಕೆಲವು ವರ್ಷ ಪ್ರೋತ್ಸಾಹಧನ, ಊರಿನಲ್ಲೇ ಸಂಸ್ಕರಣಾ ಯಂತ್ರ, ಮಹಿಳಾ ಸ್ವಸಹಾಯ ಸಂಘಗಳಿಗೆ ಕೆಲಸ, ಅಂಗನವಾಡಿಯ ಮಕ್ಕಳಿಗೆ ರಾಗಿ ಲಡ್ಡು.

ಕರ್ನಾಟಕದ ‘ರೈತ ಸಿರಿ’ ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗಿನಂಥ ಕಿರುಧಾನ್ಯಗಳಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ಯೋಜನೆ. ಇದರ ಹಿರಿಮೆ ಎಂದರೆ, ಹಣ ಯಾವ ಚೀಲಕ್ಕೂ ಯಾವ ಯಂತ್ರಕ್ಕೂ ಹೋಗದೆ ಬೆಳೆದವರ ಖಾತೆಗೆ ಹೋಗುತ್ತದೆ. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಸಿಪ್ಪೆ ತೆಗೆಯುವ ಯಂತ್ರ ಸಮೀಪದಲ್ಲಿಲ್ಲದ ಊರಿನಲ್ಲಿ ಸಾಮೆ ಬೆಳೆದವರು ಅದನ್ನು ಬಂದ ಬೆಲೆಗೆ ಮಾರಬೇಕಾಗುತ್ತದೆ. ಬೆಂಬಲ ಬೆಲೆಗೂ ತನ್ನದೇ ಮಿತಿಯಿದೆ. ಅದು ಕ್ವಿಂಟಲ್ ನೋಡುತ್ತದೆ, ಹೊಲ ನೋಡುವುದಿಲ್ಲ. ಅಕ್ಕಡಿ ಸಾಲು ಕಿತ್ತು ಬರೀ ರಾಗಿ ಹಾಕಿದವನಿಗೆ ಖರೀದಿ ಕೇಂದ್ರದಲ್ಲಿ ಹೆಚ್ಚು ಹಣ, ಸಾಲು ಉಳಿಸಿಕೊಂಡವನಿಗೆ ಕಡಿಮೆ. ಬೆಲೆಯ ಜೊತೆಗೆ ಹೊಲದ ರೀತಿಗೂ ಒಂದಿಷ್ಟು ಹಣ ಕಟ್ಟಬೇಕೆನ್ನುವುದು ಈ ಕಾರಣಕ್ಕೆ.

ತಿಳಿವಳಿಕೆಗೆ ಕೊಟ್ಟ ಸಹಾಯಧನದ ಒಂದು ಉದಾಹರಣೆ ನಮ್ಮಲ್ಲೇ ಇದೆ. 2009ರಲ್ಲಿ ರಾಜ್ಯದ ಕೃಷಿ ಇಲಾಖೆ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನೊಡನೆ ಸೇರಿ ಒಣಬೇಸಾಯದ ಜಿಲ್ಲೆಗಳಲ್ಲಿ ‘ಭೂಚೇತನ’ ಆರಂಭಿಸಿತು. ಮಣ್ಣು ಪರೀಕ್ಷೆ ಮಾಡಿದಾಗ ತಿಳಿದದ್ದು, ಹೊಲಗಳು ಹಸಿದಿದ್ದದ್ದು ಸತು, ಬೋರಾನ್, ಗಂಧಕಕ್ಕೆ. ಸಾರಜನಕ ಎಷ್ಟು ಸುರಿದರೂ ಇಳುವರಿ ಯಾಕೆ ಏಳುತ್ತಿಲ್ಲ ಎಂಬುದಕ್ಕೆ ಅಲ್ಲೊಂದು ಉತ್ತರ ಸಿಕ್ಕಿತು. ಫಲಿತಾಂಶವನ್ನು ಊರಿನ ಗೋಡೆಗಳ ಮೇಲೆ ಬರೆಸಿದರು. ಊರಿನವರನ್ನೇ ರೈತ ಅನುವುಗಾರರನ್ನಾಗಿ ನೇಮಿಸಿದರು. ಕೊರತೆಯಿದ್ದ ಪೋಷಕಾಂಶ ಮಾತ್ರ ರೈತ ಸಂಪರ್ಕ ಕೇಂದ್ರಗಳಲ್ಲಿ ಅರ್ಧ ಬೆಲೆಗೆ ಸಿಕ್ಕಿತು. ಅದೇ ಮಳೆ, ಅದೇ ಬೀಜ, ಇಳುವರಿ ಮಾತ್ರ ಗಣನೀಯವಾಗಿ ಏರಿತು. ಯೂರಿಯಾಕ್ಕೆ ಹೋಲಿಸಿದರೆ ಇಲ್ಲಿ ಖರ್ಚಾದ ಹಣ ತೀರ ಕಡಿಮೆ. ಅಳೆದು, ತೋರಿಸಿ, ಬೇಕಾದಷ್ಟೇ ಕೊಡುವ ಈ ಕ್ರಮ ಒಂದು ಯೋಜನೆಯ ಅವಧಿಗೆ ಮುಗಿಯದೆ ಇಲಾಖೆಯ ನಿತ್ಯದ ರೂಢಿಯಾಗಬೇಕಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಯೂರಿಯಾ ಬೆಲೆಯನ್ನು ಹಲವು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಉಳಿದ ಅಷ್ಟೂ ಹಣವನ್ನು ಎಕರೆ ಲೆಕ್ಕದಲ್ಲಿ ಸಾಗುವಳಿದಾರರ ಖಾತೆಗೆ ಮರಳಿಸುವುದು ಸಾಧ್ಯ. ಬೆಲೆ ಏರುವ ಮೊದಲೇ ಹಣ ಖಾತೆಗೆ ಬಂದಿರಬೇಕು. ಇದು ಅತಿ ಮುಖ್ಯ, ಯಾಕೆಂದರೆ ಸರ್ಕಾರದ ಮಾತನ್ನು ನಂಬಿ ಕೆಟ್ಟ ಅನುಭವ ರೈತರಿಗೆ ಸಾಕಷ್ಟಿದೆ. ಆಗ ಒಂದು ಚೀಲ ಕಡಿಮೆ ಹಾಕಿದವರ ಕೈಯಲ್ಲಿ ಹಣ ಉಳಿಯುತ್ತದೆ, ಮಳೆಯಾಶ್ರಿತ ರಾಗಿ ಬೆಳೆಗಾರರಿಗೂ ಗದ್ದೆಯವರಷ್ಟೇ ಪಾಲು ಸಿಗುತ್ತದೆ. ಅದರ ಮೇಲೆ, ಅಕ್ಕಡಿ ಬೆಳೆಗೆ, ಹಸಿರೆಲೆ ಗೊಬ್ಬರ ಬಿತ್ತಿದ ಹೊಲಕ್ಕೆ, ಬದುವಿನ ಮರಗಳಿಗೆ ಹೆಚ್ಚಿನ ಹಣ ಕೊಡಬಹುದು. ರಾಸಾಯನಿಕ ಬಿಟ್ಟ ಮೊದಲ ಎರಡು-ಮೂರು ವರ್ಷ ಇಳುವರಿ ಇಳಿಯುವುದು ಸಾಮಾನ್ಯ, ಆ ವರ್ಷಗಳ ನಷ್ಟವನ್ನು ಸಮಾಜವೇ ಹೊರಬೇಕು. ಇದಕ್ಕೆ ಬೇಕಾದ ಸಲಕರಣೆ ಕರ್ನಾಟಕದಲ್ಲಿ ಬಹುಮಟ್ಟಿಗೆ ಸಿದ್ಧವಿದೆ. ಭೂದಾಖಲೆಗಳ ‘ಭೂಮಿ’ ವ್ಯವಸ್ಥೆಯ ಪಹಣಿ ಇದೆ, ರೈತರ ವಿವರಗಳ ‘ಫ್ರೂಟ್ಸ್’ ನೋಂದಣಿ ಇದೆ, ಹೊಲದ ಫೋಟೋ ಸಮೇತ ಬೆಳೆ ಸಮೀಕ್ಷೆ ಪ್ರತಿ ಹಂಗಾಮಿನಲ್ಲೂ ನಡೆಯುತ್ತದೆ. ಜರ್ಮನಿಯ ಹೂವಿನ ಪಟ್ಟಿಯಂತೆ ರೈತರೇ ನೋಡಿ ಹೇಳಬಹುದಾದ ನಾಲ್ಕಾರು ಗುರುತುಗಳನ್ನು ಕೃಷಿ ವಿಶ್ವವಿದ್ಯಾಲಯಗಳು ಆಯಾ ಸೀಮೆಗೆ ತಕ್ಕಂತೆ ಗೊತ್ತುಮಾಡಿಕೊಡಬೇಕು. ಒಂದೆರಡು ತಾಲ್ಲೂಕುಗಳಲ್ಲಿ ಮೊದಲು ನಡೆಸಿ ನೋಡುವ ತಾಳ್ಮೆಯೂ ಬೇಕು.

ಇಲ್ಲಿ ಒಂದು ದೊಡ್ಡ ತೊಡಕಿದೆ. ಎಕರೆಗೆ ಕೊಡುವ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆ. 2018ರಲ್ಲಿ ತೆಲಂಗಾಣದ ‘ರೈತು ಬಂಧು’ ಎಕರೆಗೆ ಹಂಗಾಮಿಗೆ 4,000 ರೂಪಾಯಿ ಕೊಟ್ಟಾಗ ಗೇಣಿದಾರರು ಹೊರಗುಳಿದರು. ಚೀಲದ ಸಹಾಯಧನಕ್ಕೆ ನೂರು ದೋಷಗಳಿದ್ದರೂ ಒಂದು ಗುಣವಿದೆ, ಅದು ಗುತ್ತಿಗೆಗೆ ಮಾಡಿದವನಿಗೂ ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೂ ತಲುಪುತ್ತದೆ. ಆ ಗುಣವನ್ನು ಕಳೆದುಕೊಂಡು ಹಸಿರು ಯೋಜನೆ ಮಾಡಿದರೆ ಕಳೆ ಕಿತ್ತು, ಅಕ್ಕಡಿ ಸಾಲು ಹಾಕಿ, ಬೀಜ ಎತ್ತಿಟ್ಟವರನ್ನು ಬಿಟ್ಟು ಬೆಂಗಳೂರಿನಲ್ಲಿ ಕುಳಿತ ಜಮೀನುದಾರರಿಗೆ ಬಹುಮಾನ ಕೊಟ್ಟಂತಾಗುತ್ತದೆ. ಕರ್ನಾಟಕದಲ್ಲಿ ಈ ತೊಡಕು ಇನ್ನೂ ಆಳವಾದದ್ದು. 1974ರ ಭೂಸುಧಾರಣೆಯ ನಂತರ ಗೇಣಿಯನ್ನು ಬಹುತೇಕ ನಿಷೇಧಿಸಿದ್ದರಿಂದ ಗುತ್ತಿಗೆಗಳೆಲ್ಲ ಬಾಯಿಮಾತಿನಲ್ಲೇ ನಡೆಯುತ್ತವೆ. ಬರೆದುಕೊಟ್ಟರೆ ಭೂಮಿ ಹೋದೀತೆಂಬ ಅಂಜಿಕೆ ಮಾಲೀಕರಿಗೆ, ಬರೆಸಿಕೊಳ್ಳದಿದ್ದರೆ ಸಾಲವೂ ವಿಮೆಯೂ ಇಲ್ಲವೆಂಬ ಸಂಕಟ ಗುತ್ತಿಗೆದಾರರಿಗೆ. ಆಂಧ್ರಪ್ರದೇಶ 2019ರ ಕಾಯ್ದೆಯಲ್ಲಿ 11 ತಿಂಗಳ ಒಪ್ಪಂದದ ಮೇಲೆ, ಮಾಲೀಕರ ಹಕ್ಕಿಗೆ ಚ್ಯುತಿಯಿಲ್ಲದೆ, ಬೆಳೆ ಸಾಗುವಳಿದಾರರಿಗೆ ಗುರುತಿನ ಚೀಟಿ ಕೊಡುವ ವ್ಯವಸ್ಥೆ ಮಾಡಿದೆ. ಒಡಿಶಾದ ‘ಕಾಲಿಯಾ’ ಯೋಜನೆ ಪಾಲುಗಾರರನ್ನೂ ಭೂರಹಿತ ಕೃಷಿ ಕುಟುಂಬಗಳನ್ನೂ ಒಳಗೊಂಡಿತು. ಎಕರೆ ಲೆಕ್ಕದ ಹಣದ ಮೊದಲ ಕಂತು ಬಿಡುಗಡೆಯಾಗುವ ಮೊದಲು ಕರ್ನಾಟಕದ ಶಾಸನಸಭೆ ಇಂಥ ಒಂದು ಸಾಗುವಳಿ ಚೀಟಿಯನ್ನು ಚರ್ಚೆಗೆ ತರಬೇಕು. ಬೆಳೆ ಸಮೀಕ್ಷೆಗೆ ಹೊಲಕ್ಕೆ ಬರುವವರು ಫೋಟೋ ತೆಗೆಯುವಾಗ ಈ ಬೆಳೆ ಬೆಳೆದವರು ಯಾರು ಎಂದು ಕೇಳಿ, ಅವರ ಹೆಸರನ್ನೂ ಬರೆದುಕೊಳ್ಳಬೇಕು.